ಕೆಮ್ಮಿ ಮುಗಿಸುವಷ್ಟು ಸಮಯ

ಕಳೆದ ಬೇಸಿಗೆಯಲ್ಲಿ ಜಯನಗರದ ಕಡೆ ಒಂದು ಪೂಲ್‌ಗೆ ಈಜು ಕಲಿಯಲು ಸೇರಿದೆ. ಬೆಳಗಿನ ಲೇಡೀಸ್ ಬ್ಯಾಚ್. ನಲವತ್ತು ದಾಟಿದವಳು ನಾನೊಬ್ಬಳೇ. ಕೋಚ್‌ಗೆ ಕೆಲಸ ಚೆನ್ನಾಗಿಯೇ ಗೊತ್ತಿತ್ತು. ತಲೆ ಎತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ, ಮುಖ ನೀರಲ್ಲಿಟ್ಟು ಮೆಲ್ಲಗೆ ಉಸಿರು ಬಿಡಿ ಎಂದು ದಿನಾ ಹೇಳುತ್ತಿದ್ದರು. ಆದರೆ ದಡದ ಮೇಲೆ ನಿಂತು. ನಾನು ಕೆಮ್ಮುತ್ತಾ ಏಳುವಷ್ಟರಲ್ಲಿ ಅವರ ಕಣ್ಣು ಪಕ್ಕದ ಹುಡುಗಿಯ ಕಡೆ ಹೋಗಿರುತ್ತಿತ್ತು. "ಪರವಾಗಿಲ್ಲ ಮೇಡಂ, ಈ ವಯಸ್ಸಿಗೆ ಇಷ್ಟು ಮಾಡ್ತಿದ್ದೀರಲ್ಲ" ಎನ್ನುವುದು ಬೇರೆ. ಸಮಾಧಾನದ ಮಾತೇ, ಅಲ್ವಾ? ಅದನ್ನು ಕೇಳಿದ ಮೇಲೆ ಪೂಲಿನ ಅಂಚಿನ ಕಂಬಿ ಬಿಡಲು ನನಗೆ ಧೈರ್ಯವೇ ಬರುತ್ತಿರಲಿಲ್ಲ.

ಒಂದು ದಿನ ಅವರು ರಜೆ ಹಾಕಿದರು. ಸಂಜೆ ಬ್ಯಾಚಿನ ಹಿರಿಯ ಕೋಚ್ ಬಂದರು. ಹೊಸದೇನೂ ಹೇಳಲಿಲ್ಲ. ಅದೇ ತಲೆ, ಅದೇ ಉಸಿರು. ಆದರೆ ನೀರಿಗಿಳಿದು ಪಕ್ಕದಲ್ಲಿ ನಿಂತರು.

"ಏನಮ್ಮಾ, ಎಲ್ಲಿ ಕಷ್ಟ ಆಗ್ತಿದೆ?"

"ಮೂಗಿಗೆ ನೀರು ಹೋಗುತ್ತೆ ಸರ್."

"ಹಾಗಾದ್ರೆ ತೇಲೋದು ಆಮೇಲೆ. ಮೊದಲು ನಿಂತಲ್ಲೇ ಮೂಗಿಂದ ಗುಳ್ಳೆ ಬಿಡಿ."

ಬಿಟ್ಟೆ. ಕೆಮ್ಮಿದೆ. ಅವರು ಅತ್ತಿತ್ತ ನೋಡಲಿಲ್ಲ, ಸುಮ್ನೆ ಕಾದರು. ಮತ್ತೆ ಬಿಟ್ಟೆ, ಮತ್ತೆ ಕೆಮ್ಮಿದೆ. ನನಗೆ ಈಜು ಬಂದೇ ಬರುತ್ತೆ ಎಂದು ಆ ಮನುಷ್ಯ ಮೊದಲೇ ತೀರ್ಮಾನ ಮಾಡಿಬಿಟ್ಟಂತಿತ್ತು. ಕ್ಲಾಸ್ ಮುಗಿಯುವ ಹೊತ್ತಿಗೆ ಕಾಲು ತಾನಾಗಿಯೇ ಮೇಲೆ ಬಂತು. ಕಿವಿಯಲ್ಲಿ ನೀರು, ಬಾಯಲ್ಲಿ ಕ್ಲೋರಿನ್ ರುಚಿ. ಆದರೂ ತೇಲುತ್ತಿದ್ದೆ!

ಬಿ.ಎಡ್.ನಲ್ಲಿ ಓದಿದ್ದ ರಾಬರ್ಟ್ ರೋಸೆಂಥಾಲ್ ನೆನಪಾದರು. ಅಮೆರಿಕದ ಈ ಮನಶ್ಶಾಸ್ತ್ರಜ್ಞ ಒಂದು ಶಾಲೆಯಲ್ಲಿ ಕೆಲವು ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಈ ವರ್ಷ ಇವರು ಮುಂದೆ ಬರುತ್ತಾರೆ ಎಂದು ಟೀಚರ್‌ಗಳಿಗೆ ಹೇಳಿದ್ದರು. ವರ್ಷದ ಕೊನೆಗೆ, ಅದರಲ್ಲೂ ಒಂದು, ಎರಡನೇ ಕ್ಲಾಸಿನಲ್ಲಿ, ಅವರ ಐಕ್ಯೂ ಅಂಕ ಉಳಿದವರಿಗಿಂತ ಜಾಸ್ತಿ ಏರಿತ್ತು. 1968ರಲ್ಲಿ ಹೊರಬಂದ ಈ ಪ್ರಯೋಗದ ಬಗ್ಗೆ ತಕರಾರುಗಳೂ ಇವೆ. ಆದರೆ ಟೀಚರ್ ತಾನು ನಂಬಿದ ಮಗುವಿಗೆ ಉತ್ತರ ಹೇಳಲು ಹೆಚ್ಚು ಅವಕಾಶ ಕೊಡುತ್ತಾರೆ ಎಂಬ ಅವರ ಮಾತನ್ನು ನಾನಂತೂ ಒಪ್ಪುತ್ತೇನೆ. ನನಗೆ ಸಿಕ್ಕಿದ್ದೂ ಅದೇ ತಾನೆ.

ರಜೆ ಮುಗಿಸಿ ಬಂದ ಕೋಚ್ ನನ್ನನ್ನು ನೋಡಿ, "ಅರೆ, ಬಂದೇಬಿಡ್ತಾ ಮೇಡಂ!" ಎಂದು ಬೆರಗಾದರು. ಅದೇ ವಾರ ಸಂಜೆ ಬ್ಯಾಚಿಗೆ ಬದಲಾಯಿಸಿಕೊಂಡೆ. ಕೆಲಸ ಮುಗಿಸಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಎಷ್ಟೋ ಸಲ ಅರ್ಧ ಕ್ಲಾಸ್ ಮುಗಿದಿರುತ್ತದೆ. ಆದರೂ ಹೋಗುತ್ತೇನೆ.