ಕೂರ್ಮಗಡಕ್ಕೆ ಜಾತ್ರೆಯ ದಿನ ಹೋದರೆ ಅರ್ಧ ಪಟ್ಟಿ

ಕಾರವಾರದಿಂದ ಕೂರ್ಮಗಡ ದ್ವೀಪಕ್ಕೆ ದೋಣಿ ಸಲೀಸಾಗಿ ಸಿಗುವುದು ಪುಷ್ಯ ಹುಣ್ಣಿಮೆಯ ನರಸಿಂಹ ಜಾತ್ರೆಗೆ. ಗಿಡಗಳ ಪಟ್ಟಿ ಮಾಡುವವರಿಗೆ ಅದು ತೀರಾ ತಡ. ಅಷ್ಟೊತ್ತಿಗೆ ಹುಲ್ಲು ಒಣಗಿ, ಮಳೆಗಾಲದ ಪುಟ್ಟ ಗಿಡಗಳು ಬೀಜ ಉದುರಿಸಿ ಮಾಯವಾಗಿರುತ್ತವೆ. ಪಟ್ಟಿಯಲ್ಲಿ ಉಳಿಯುವುದು ಮರ, ಪೊದೆ, ಬಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಕಡಲೂ ಸುಮ್ಮನಿರುವುದಿಲ್ಲ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಒಳಗೆ ಎರಡು ಸಲ ಹೋಗಿಬನ್ನಿ. ಅರಣ್ಯ ಇಲಾಖೆಯ ಅನುಮತಿ ಅದಕ್ಕೂ ಮೊದಲೇ ಕೈಯಲ್ಲಿರಲಿ. ದೋಣಿ ಹತ್ತುವಾಗ ಸಾಕ್ಸ್, ಚೀಲ ಕೊಡವಿ. ಯುಪಟೋರಿಯಂ ಎಂಬ ಹೊರಗಿನ ಕಳೆಯ ಬೀಜ ದ್ವೀಪ ಸೇರಲು ಬೇರೆ ವಾಹನ ಬೇಡ.

ಸುತ್ತ ಅದೇ ಜಾತಿಯ 20 ಗಿಡಗಳಿದ್ದರೆ, ಒತ್ತಿ ಒಣಗಿಸಿಡಲು ಒಂದನ್ನು ಕೀಳಬಹುದು. ಕಡಿಮೆಯಿದ್ದರೆ ಅಳತೆಪಟ್ಟಿ ಇಟ್ಟು ಫೋಟೊ ತೆಗೆದರೆ ಸಾಕು. ಚಿರೆಕಲ್ಲಿನ ಮೇಲೆ ನೀರು ನಿಂತಲ್ಲಿ ಬೆಳೆಯುವ ಯುಟ್ರಿಕ್ಯುಲೇರಿಯಾವನ್ನು ಎಳೆದರೆ ಕೀಟ ಹಿಡಿಯುವ ಚೀಲಗಳು ಮಣ್ಣಲ್ಲೇ ಉಳಿಯುತ್ತವೆ. ಮಣ್ಣುಸಮೇತ ಎತ್ತಿ, ತಟ್ಟೆಯ ನೀರಲ್ಲಿ ತೇಲಿಸಿ, ಅಡಿಯಿಂದ ಕಾಗದ ತೂರಿಸಿ ಎತ್ತಬೇಕು. ಒಂದೆರಡು ಹೂವನ್ನು 70% ಆಲ್ಕೋಹಾಲ್ ಇರುವ ಸಣ್ಣ ಬಾಟಲಿಗೆ ಹಾಕಿ. ಒತ್ತಿದ ಹೂವಲ್ಲಿ ಹಿಂಬದಿಯ ಕೊಂಬಿನಂಥ ಭಾಗದ ಆಕಾರ ಕಾಣದು, ಆಮೇಲೆ ಜಾತಿ ಗುರುತಿಸುವಾಗ ಪರದಾಟ.

ದಡದ ಸೆಸುವಿಯಂನಂಥ ದಪ್ಪೆಲೆಯ ಗಿಡ ಒತ್ತುವ ಪ್ರೆಸ್ಸಿನೊಳಗೂ ವಾರಗಟ್ಟಲೆ ಜೀವ ಹಿಡಿದು, ಕೊನೆಗೆ ಎಲೆ ಉದುರಿಸಿಕೊಳ್ಳುತ್ತದೆ. ಸಿಹಿನೀರಲ್ಲಿ ಉಪ್ಪು ತೊಳೆದು, ಕುದಿಯುವ ನೀರಲ್ಲಿ ಕೆಲವು ಸೆಕೆಂಡ್ ಅದ್ದಿ ಒತ್ತಿ. ಉಪ್ಪು ಉಳಿದರೆ ಹಾಳೆ ಮತ್ತೆ ಮತ್ತೆ ತೇವ ಎಳೆಯುತ್ತದೆ. ಉಳಿದ ಗಿಡಗಳಿಗೆ ಒಂದೆಲೆಯನ್ನಾದರೂ ಮಗುಚಿಡಿ, ಬೆನ್ನಿನ ನರ, ರೋಮ ಕಾಣಬೇಕು. ಮೊದಲ ಮೂರ್ನಾಲ್ಕು ದಿನ ಪೇಪರನ್ನು ದಿನಕ್ಕೆರಡು ಸಲ ಬದಲಿಸದಿದ್ದರೆ ಕರಾವಳಿಯ ಹವೆಗೆ ಬೂಸಲು ಖಂಡಿತ. ಶಿರಸಿ ಕಡೆಯವರಿಗೆ ಅಡಿಕೆ ಡ್ರೈಯರ್ ಒದಗೀತು, ಆದರೆ 45–50 ಡಿಗ್ರಿ ಸಾಕು. 60 ದಾಟಿದರೆ ಎಲೆ ಕಂದಾಗಿ ಪುಡಿಯಾಗುತ್ತದೆ. ಡಿಎನ್ಎ ಪರೀಕ್ಷೆಗೆ ಬೇಕಾದ ಎಲೆಚೂರು ಬೇರೆಯೇ, ತೂಕದ ಹತ್ತು ಪಟ್ಟು ತೇವ ಹೀರುವ ಸಿಲಿಕಾ ಜೆಲ್ ಜೊತೆಗೆ.

ಹೂವಿನ ಬಣ್ಣ, ವಾಸನೆ, ಹಾಲು ಒಸರುತ್ತದೋ ಇಲ್ಲವೋ, ಇವನ್ನು ಅಲ್ಲೇ ಪೆನ್ಸಿಲ್ಲಿನಲ್ಲಿ ಬರೆಯಿರಿ. ಒಣಗಿದ ಮೇಲೆ ಯಾವುದೂ ಉಳಿಯುವುದಿಲ್ಲ, ಶಾಯಿ ಮಳೆಯಲ್ಲಿ ಉಳಿಯುವುದಿಲ್ಲ. ಜಿಪಿಎಸ್ ಅಂಕಿಯ ಪಕ್ಕದಲ್ಲಿ ದ್ವೀಪದ ಹೆಸರೂ ಇರಲಿ: ಒಂದಂಕಿ ತಪ್ಪಿದರೆ ಗಿಡ ಸಮುದ್ರದಲ್ಲಿ ಬೆಳೆದಂತಾಗುತ್ತದೆ. ಸಂಗ್ರಹಾಲಯಗಳ ಹಳೆಯ ಒಣಗಿಡಗಳ ಮಾದರಿಗಳೊಂದಿಗೆ ಹೋಲಿಸುವಾಗ ‘ಉತ್ತರ ಕನ್ನಡ’ ಎಂದು ಹುಡುಕಿದರೆ ಏನೂ ಸಿಗದು. 1862ರಿಂದ 1956ರವರೆಗೆ ಈ ಜಿಲ್ಲೆ ಮುಂಬಯಿಗೆ ಸೇರಿತ್ತು. ಆ ಚೀಟಿಗಳಲ್ಲಿರುವುದು ‘ನಾರ್ತ್ ಕೆನರಾ, ಬಾಂಬೆ’.