ಕೆಂಪಿ ಉಳಿದ ಲೆಕ್ಕ

ಮಗಳ ಕಾಲೇಜು ಫೀಸಿಗೆ ಒಂದು ಹಸು ಕೊಡುವುದು ಅಂತ ಮಾತಾಯಿತು. ಇರುವುದೇ ಎರಡು. ಗೌರಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿ, ಕೆಂಪಿ ಜರ್ಸಿ ಕ್ರಾಸ್. ಕರು ಹಾಕಿದ ಹೊಸದರಲ್ಲಿ ಗೌರಿ ದಿನಕ್ಕೆ 20 ಲೀಟರ್ ಕೊಟ್ಟವಳು. ಕೆಂಪಿ 12 ದಾಟಿದವಳೇ ಅಲ್ಲ. "ಕೆಂಪೀನೇ ಕೊಡಿ, ಇನ್ನೇನು ಯೋಚನೆ" ಎಂದರು ಅತ್ತೆ. ನಮ್ಮವರು ದಲ್ಲಾಳಿಗೆ ಫೋನ್ ಮಾಡಿಯೂ ಆಗಿತ್ತು.

ನಾನು ಕೊಟ್ಟಿಗೆಯ ನೋಟ್‌ಬುಕ್ ತಂದು ಕೂತೆ. ಮಗಳು ಅರ್ಧ ಬರೆದು ಬಿಟ್ಟಿದ್ದ ಗಣಿತದ ಪುಸ್ತಕ ಅದು. ಲೀಟರ್ರು, ಫ್ಯಾಟು ಎಲ್ಲ ಡೈರಿ ಪಾಸ್‌ಬುಕ್‌ನಲ್ಲೂ ಇರುತ್ತದೆ ನಿಜ. ಆದರೆ ಎರಡೂ ಹಸುವಿನ ಹಾಲು ಒಂದೇ ಕ್ಯಾನಿಗೆ ಹೋಗುತ್ತದಲ್ವಾ, ಯಾರದ್ದು ಎಷ್ಟು ಅಂತ ಅದು ಹೇಳುವುದಿಲ್ಲ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ಪುಟ ಇಟ್ಟಿದ್ದೆ. ಬೆದೆಗೆ ಬಂದ ದಿನ, ಗಬ್ಬಕ್ಕೆ ಇಂಜೆಕ್ಷನ್ ಹಾಕಿಸಿದ ದಿನ, ಕರು ಹಾಕಿದ ದಿನ, ಎರಡು ಹೊತ್ತಿನ ಹಾಲು, ಔಷಧಿ ಖರ್ಚು.

ಗೌರಿಯ ಪುಟದಲ್ಲಿ ಇಂಜೆಕ್ಷನ್ನಿನ ಸಾಲೇ ಸಾಲು. ಪ್ರತಿ ಸಲ ಗಬ್ಬ ನಿಲ್ಲಲಿಲ್ಲ ಅಂದರೆ ಮತ್ತೆ 21 ದಿನ ಕಾಯಬೇಕು. ಮಳೆಗಾಲದಲ್ಲಿ ಬೆದೆಯೇ ಗೊತ್ತಾಗದೆ ಹೋದದ್ದೂ ಇತ್ತು. ಒಂದು ಕರುವಿನಿಂದ ಇನ್ನೊಂದು ಕರುವಿಗೆ 19 ತಿಂಗಳು! ಕೊನೆಕೊನೆಗೆ ದಿನಕ್ಕೆ ನಾಲ್ಕು ಲೀಟರ್ ಕೊಟ್ಟುಕೊಂಡು ಹಿಂಡಿ ಬೂಸಾ ಮಾತ್ರ ದಂಡಿಯಾಗಿ ತಿಂದಿದ್ದಳು. ನಡುವೆ ಕೆಚ್ಚಲು ಬಾವು ಬೇರೆ. ಆ ದಿನಗಳ ಹಾಲನ್ನು ಡೈರಿಗೆ ಹಾಕುವ ಹಾಗೂ ಇರಲಿಲ್ಲ.

ಕೆಂಪಿ 13 ತಿಂಗಳಿಗೇ ಇನ್ನೊಂದು ಕರು ಹಾಕಿದ್ದಳು. ಔಷಧಿ ಕಾಲಂ ಹೆಚ್ಚುಕಮ್ಮಿ ಖಾಲಿ. ಪೂರ್ತಿ ಹಾಲನ್ನು ತಿಂಗಳ ಲೆಕ್ಕಕ್ಕೆ ಭಾಗಿಸಿದರೆ ಅವಳದ್ದೇ ಒಂದು ಕೈ ಮೇಲು. ಜೊತೆಗೆ ಜರ್ಸಿ ಹಾಲಿಗೆ ಫ್ಯಾಟ್ ಜಾಸ್ತಿ, ಅದಕ್ಕೆ ಡೈರಿ ರೇಟೂ ಜಾಸ್ತಿ. ಆ 20 ಲೀಟರ್ ಇದ್ದದ್ದು ಕೆಲವೇ ವಾರ. ಎಲ್ಲರಿಗೂ ನೆನಪಿದ್ದದ್ದೂ ಅದೇ.

ಲೆಕ್ಕ ಪಕ್ಕಾ ಅಂತ ಹೇಳಲಾರೆ. ಹೊಲದ ಬದುವಿನ ಹುಲ್ಲಿಗೆ ಯಾವ ಬೆಲೆ ಕಟ್ಟುವುದು? ನನ್ನ ಕೂಲಿಗೆ ಅಂತ ಹಾಕಿದ್ದ ಕಾಲಂ ಇವತ್ತಿಗೂ ಖಾಲಿ. ಅದನ್ನು ತುಂಬಿದರೆ ಎರಡು ಹಸುವೂ ನಷ್ಟದಲ್ಲೇ ಇರುತ್ತವೇನೋ!

ನಮ್ಮವರು ಪುಟ ತಿರುವಿ ತಿರುವಿ ನೋಡಿದರು. ಮೊಬೈಲಿನಲ್ಲಿ ತಾವೂ ಒಮ್ಮೆ ಭಾಗಿಸಿದರು. "ಸರಿ, ಗೌರೀನೇ ಕೊಡೋಣ" ಎಂದರು.

ಸಂಜೆ ದಲ್ಲಾಳಿ ಬಂದ. ಗೌರಿಯನ್ನು ಸುತ್ತಿ ನೋಡಿ ಒಳ್ಳೆ ರೇಟೇ ಹೇಳಿದ. "ಹಾಲು ಎಷ್ಟಕ್ಕಾ? ಗಬ್ಬ ನಿಲ್ಲುತ್ತಾ?" ಎಂದು ಕೇಳಿದ. ನಾನು ಪುಸ್ತಕವನ್ನೇ ಕೈಗೆ ಕೊಟ್ಟೆ. ಓದುತ್ತಾ ಓದುತ್ತಾ ರೇಟು ಐದು ಸಾವಿರ ಇಳಿಯಿತು. ನಮ್ಮವರ ಮುಖ ಸಪ್ಪೆಯಾಯಿತು. ಆದರೂ ಅಷ್ಟಕ್ಕೇ ಕೊಟ್ಟೆವು.

ಅತ್ತೆ ಮಾತ್ರ ಇನ್ನೂ ಬಿಟ್ಟಿಲ್ಲ. "ಲೆಕ್ಕ ಬರಿ, ಯಾರು ಬೇಡ ಅಂದ್ರು? ದಲ್ಲಾಳಿಗೂ ಓದೋಕೆ ಕೊಡಬೇಕಿತ್ತಾ?"