ಕಟ್ಟೋದು ಮೇಸ್ತ್ರಿ, ಹಾಗಾದರೆ ಇಂಜಿನಿಯರ್ ಮಾಡೋದೇನು?

"ಗೋಡೆ ಕಟ್ಟೋದು ಮೇಸ್ತ್ರಿ, ಕಬ್ಬಿಣ ಕೂಡಿಸೋದು ವೆಲ್ಡರ್. ಮತ್ತೆ ಇಂಜಿನಿಯರ್ ಅಂತ ನೀವು ಮಾಡೋದೇನು?" ನನ್ನ ಕೆಲಸ ಏನೆಂದು ಗೊತ್ತಾದವರಲ್ಲಿ ಹೆಚ್ಚಿನವರು ಇದನ್ನು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ಇಂಜಿನ್ ನೋಡಿಕೊಳ್ಳುವವನೇ ಇಂಜಿನಿಯರ್ ಎಂದು ಅನೇಕರು ತಿಳಿದಿದ್ದಾರೆ. ಅದು ಪೂರ್ತಿ ತಪ್ಪೇನಲ್ಲ. ಅಮೆರಿಕದಲ್ಲಿ ರೈಲು ಓಡಿಸುವವರನ್ನು ಈಗಲೂ ಹಾಗೇ ಕರೆಯುತ್ತಾರೆ. ಹಡಗಿನ ಯಂತ್ರಕೋಣೆ ನೋಡಿಕೊಳ್ಳುವವರೂ ಇಂಜಿನಿಯರೇ. ಆದರೆ ಎರಡೂ ಪದಗಳ ಬೇರು ಲ್ಯಾಟಿನ್ನಿನ 'ಇಂಗೇನಿಯಂ', ಅಂದರೆ ಹುಟ್ಟಿನಿಂದ ಬಂದ ಜಾಣ್ಮೆ. ಮಧ್ಯಯುಗದ ಯುರೋಪಿನಲ್ಲಿ ಕೋಟೆ ಒಡೆಯುವ ಕವಣೆಯಂತ್ರವೂ 'ಇಂಜಿನ್' ಆಗಿತ್ತು, ಅದನ್ನು ಕಟ್ಟುವವನು ಇಂಜಿನಿಯರ್. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಸ್ಮೀಟನ್ ತನ್ನನ್ನು 'ಸಿವಿಲ್' ಇಂಜಿನಿಯರ್ ಎಂದು ಕರೆದುಕೊಂಡಿದ್ದು ಇದಕ್ಕೇ: ನನ್ನ ಕೆಲಸ ಸೈನ್ಯದ್ದಲ್ಲ, ಜನರದ್ದು ಎಂದು. 1759ರಲ್ಲಿ ಆತ ಸಮುದ್ರದ ನಡುವಿನ ಎಡಿಸ್ಟೋನ್ ಬಂಡೆಯ ಮೇಲೆ, ಕಲ್ಲಿಗೆ ಕಲ್ಲು ಹಲ್ಲುಕಚ್ಚಿ ಕೂರುವಂತೆ ಕೆತ್ತಿಸಿ ದೀಪಸ್ತಂಭ ಕಟ್ಟಿಸಿದ.

ಪದದ ಕತೆ ಅಷ್ಟು. ಕೆಲಸ ಏನೆಂದು ಹೇಳಲು ನಾನು ಪ್ರತಿಸಲ ಒಂದು ನಟ್ಟಿನ ವಿಷಯಕ್ಕೆ ಬರುತ್ತೇನೆ.

ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ಒಳಾಂಗಣದಲ್ಲಿ, ಜನ ಓಡಾಡಲು ಒಂದರ ಕೆಳಗೊಂದು ಎರಡು ತೂಗುಸೇತುವೆಗಳಿದ್ದವು. ಮೊದಲ ನಕ್ಷೆಯಲ್ಲಿ ಎರಡನ್ನೂ ಹೊರುತ್ತಿದ್ದುದು ಚಾವಣಿಯಿಂದ ಇಳಿಬಿಟ್ಟ ಒಂದೇ ಉದ್ದನೆಯ ಸರಳುಗಳು. ಜೋಡಿಸಲು ಕಷ್ಟವೆಂದು ಪ್ರತಿ ಸರಳನ್ನೂ ಎರಡು ತುಂಡು ಮಾಡಿದರು: ಮೇಲಿನ ಸೇತುವೆ ಚಾವಣಿಗೆ, ಕೆಳಗಿನದು ಮೇಲಿನ ಸೇತುವೆಯ ತೊಲೆಗೆ. ನೋಡುವ ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ. ಇಬ್ಬರು ಒಂದೇ ಹಗ್ಗ ಹಿಡಿದು ಜೋತಾಡುತ್ತಿದ್ದಾರೆ ಅಂದುಕೊಳ್ಳಿ. ಈಗ ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದ. ಹಗ್ಗಕ್ಕೆ ಭಾರ ಅಷ್ಟೇ, ಮೇಲಿನವನ ಕೈಗೆ ಎರಡರಷ್ಟು. ಚಾವಣಿಯ ಸರಳಿನ ತುದಿಯಲ್ಲಿ ಮೇಲಿನ ತೊಲೆಯನ್ನು ಅಡಿಯಿಂದ ಹೊತ್ತಿದ್ದ ನಟ್ಟಿಗೂ ಹಾಗೇ ಆಯಿತು. 1981ರ ಜುಲೈ 17ರ ಸಂಜೆ, ಕೆಳಗೆ ಜನ ಸೇರಿದ್ದಾಗ, ನಟ್ಟು ತೊಲೆಯನ್ನು ಸೀಳಿಕೊಂಡು ಬಂತು. 114 ಜನ ಸತ್ತರು.

ಅಲ್ಲಿ ಬೆಸುಗೆ ಹಾಕಿದವರ ಮೇಲೆ ನಾನು ತಪ್ಪು ಹೊರಿಸಲಾರೆ. ಬದಲಾದ ಮೇಲೆ ಈ ನಟ್ಟಿಗೆ ಎಷ್ಟು ಭಾರ ಬರುತ್ತದೆ ಎಂದು ಕೂತು ಲೆಕ್ಕ ಹಾಕುವುದೇ ಇಂಜಿನಿಯರ್ ಕೆಲಸ. ಅದನ್ನು ಯಾರೂ ಮಾಡಿರಲಿಲ್ಲ. ಹೊಣೆ ಹೊತ್ತಿದ್ದ ಇಂಜಿನಿಯರುಗಳು ಲೈಸೆನ್ಸ್ ಕಳೆದುಕೊಂಡರು, ಅದು ಸರಿಯೇ ಆಯಿತು ಎಂದು ನನ್ನ ಅಭಿಪ್ರಾಯ. ನಕ್ಷೆಯ ಮೇಲೆ ಸಹಿ ಹಾಕಿದವನು "ಇದು ತಡೆಯುತ್ತದೆ" ಎಂದು ಕಾಣದ ಜನರಿಗೆ ಮಾತು ಕೊಟ್ಟಿರುತ್ತಾನೆ.

ಮೊನ್ನೆ ಸೈಟಿನಿಂದ ಫೋನ್ ಬಂತು: "ಸರ್, ಪೈಪು ಅಡ್ಡ ಬರ್ತಿದೆ, ಬೋಲ್ಟ್ ಎರಡಿಂಚು ಆಚೆ ಹಾಕ್ಲಾ?" ಸಂಜೆವರೆಗೆ ಕೆಲಸ ನಿಲ್ಲಿಸಿ, ಲೆಕ್ಕ ಹಾಕಿ ಹೇಳ್ತೀನಿ ಅಂದೆ.